ಪಾಸ್‌ಪೋರ್ಟ್ ಜೋಪಾನ



ಪರದೇಶಕ್ಕೆ ಹೊರಟವರ ಮನೆಯಲ್ಲಿ ಹಿಂದಿನ ದಿನ ಏನೇನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಚಟ್ನಿಪುಡಿ, ಹುರಿಗಾಳು, ಅವಲಕ್ಕಿ ಪೊಟ್ಟಣ ಕಟ್ಟುವುದು, ಸೂಟ್‌ಕೇಸ್ ತೂಗಿ ನೋಡುವುದು, ತೂಕ ಮೀರಿತೆಂದು ಮತ್ತೆ ಬಿಚ್ಚುವುದು, ಮೊಮ್ಮಗುವಿಗೆಂದು ತಂದ ಬೆಳ್ಳಿ ಬಟ್ಟಲನ್ನು ಸೀರೆಯ ಮಡಿಕೆಯೊಳಗೆ ಸುತ್ತಿಡುವುದು. ಸೂಟ್‌ಕೇಸಿಗೆ ಎರಡೆರಡು ಬೀಗ, ಗುರುತಿಗೆ ಒಂದು ಕೆಂಪು ರಿಬ್ಬನ್. ಇಷ್ಟೆಲ್ಲ ಜಾಗ್ರತೆ ಮಾಡಿದವರನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ, ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀರಿ ಎಂದು ಕೇಳಿ. "ಇಲ್ಲೇ ಇದೆಯಲ್ಲ" ಎಂದು ಭುಜಕ್ಕೆ ತೂಗಿದ ಚೀಲದ ಹೊರ ಜೇಬನ್ನು ತಟ್ಟಿ ತೋರಿಸುತ್ತಾರೆ. ಅಲ್ಲೇ ಹತ್ತಿರದಲ್ಲಿ ಕಳ್ಳನಿದ್ದರೆ ಅವನಿಗೂ ಒಂದು ಹುಡುಕಾಟ ತಪ್ಪಿತು.

ಮುಂಬಯಿಯಿಂದ ಯುರೋಪಿಗೆ ಪ್ರವಾಸಿ ತಂಡಗಳನ್ನು ಕರೆದೊಯ್ಯುವ ಕೆಲಸದಲ್ಲಿ ನಾನು ಹಲವು ವರ್ಷ ಕಳೆದಿದ್ದೇನೆ. ತಂಡದಲ್ಲಿ ಒಬ್ಬರ ಹಣ ಹೋದರೆ ಉಳಿದವರು ಕೈ ಸೇರಿಸಿ ಕೊಟ್ಟು ಸುಧಾರಿಸಬಹುದು. ಕ್ಯಾಮೆರಾ ಹೋದರೆ ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ಮೂರನೆಯ ದಿನ ಮರೆಯುತ್ತಾರೆ. ಆದರೆ ಪಾಸ್‌ಪೋರ್ಟ್ ಹೋದರೆ ಆ ಮನುಷ್ಯನ ಪ್ರವಾಸ ಅಲ್ಲಿಗೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದಕ್ಕೇ ಇವತ್ತು ಈ ಒಂದೇ ವಿಷಯ ಎತ್ತಿಕೊಂಡಿದ್ದೇನೆ.

ಮೊದಲು ಒಂದು ಮಾತು. ನಮ್ಮದು ನಮ್ಮದು ಎಂದು ನಾವು ಬೀರುವಿನಲ್ಲಿಟ್ಟುಕೊಳ್ಳುವ ಆ ನೀಲಿ ಪುಸ್ತಕ ಕಾನೂನಿನ ಪ್ರಕಾರ ನಮ್ಮದಲ್ಲ. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಅದು ಸದಾ ಕೇಂದ್ರ ಸರಕಾರದ ಸೊತ್ತು. ನಮ್ಮ ಕೈಯಲ್ಲಿ ಅದು ನಂಬಿಕೆಯ ಮೇಲೆ ಇರುವ ವಸ್ತು. ಹಾಗಾಗಿ ಕಳೆದುಹೋದಾಗ, "ನನ್ನದು ತಾನೆ ಹೋಗಿದ್ದು, ಇನ್ನೊಂದು ಮಾಡಿಸಿಕೊಂಡರಾಯಿತು" ಎಂದು ಸುಮ್ಮನಿರುವಂತಿಲ್ಲ. ತಿಳಿಸಲೇಬೇಕು, ವಿವರ ಬರೆದುಕೊಡಲೇಬೇಕು. ಇನ್ನು ಪುಸ್ತಕ ಹೋದರೆ ಪುಸ್ತಕವೊಂದೇ ಹೋಗುವುದಿಲ್ಲ. ಅದರೊಳಗೆ ಅಂಟಿಸಿದ ಷೆಂಗೆನ್ ವೀಸಾ ಹೋಯಿತು, ಹತ್ತು ವರ್ಷಕ್ಕೆಂದು ಸಿಕ್ಕಿದ್ದ ಅಮೆರಿಕದ ವೀಸಾ ಹೋಯಿತು. ಮಗಳ ಬಾಣಂತನಕ್ಕೆಂದು ಹೊರಟ ತಾಯಿಯ ಪಾಸ್‌ಪೋರ್ಟ್ ದಾರಿಯಲ್ಲಿ ಹೋದರೆ ಹೊಸ ಪುಸ್ತಕ ಮಾಡಿಸಿ, ಮತ್ತೆ ವೀಸಾಕ್ಕೆ ಅರ್ಜಿ ಹಾಕಿ, ಸಂದರ್ಶನದ ದಿನಾಂಕಕ್ಕೆ ಕಾದು ಕೂರುವಷ್ಟರಲ್ಲಿ ಮಗುವಿಗೆ ಹಲ್ಲು ಬಂದಿರುತ್ತದೆ.

ಈಗ ಕಳ್ಳರ ವಿಷಯಕ್ಕೆ ಬರೋಣ. ಯುರೋಪೆಂದರೆ ಶಿಸ್ತಿನ ನಾಡು, ಅಲ್ಲಿ ಯಾರೂ ಇನ್ನೊಬ್ಬರ ವಸ್ತು ಮುಟ್ಟುವುದಿಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಅವರ ದೊಡ್ಡ ಊರುಗಳ ಸ್ಥಿತಿ ಹೇಗಿದೆ ಎಂಬುದಕ್ಕೆ ಎರಡು ಸಂಗತಿ ಹೇಳುತ್ತೇನೆ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯ ಒಂದು ದಿನ ಬಾಗಿಲು ತೆರೆಯಲಿಲ್ಲ. ಕಾರಣ, ಜೇಬುಗಳ್ಳರ ಕಾಟ ತಾಳಲಾರದೆ ಅಲ್ಲಿನ ಸಿಬ್ಬಂದಿಯೇ ಕೆಲಸ ನಿಲ್ಲಿಸಿದರು. 2015ರ ಮೇ ತಿಂಗಳಲ್ಲಿ ಐಫೆಲ್ ಗೋಪುರದಲ್ಲೂ ಅದೇ ಕಾರಣಕ್ಕೆ ಅದೇ ಕಥೆ. ಮೋನಾಲಿಸಾಳನ್ನು ಕಾಯುವವರೇ ಜೇಬುಗಳ್ಳರ ಎದುರು ಕೈಚೆಲ್ಲಿದರೆಂದರೆ, ಅವಳನ್ನು ನೋಡಲು ಬಾಯಿ ತೆರೆದು ನಿಂತ ನಮ್ಮ ಗತಿ ಏನು?

ರೋಮಿನಲ್ಲಿ ಟರ್ಮಿನಿ ರೈಲು ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸಿಗೆ ಈ ವಿಷಯದಲ್ಲಿ ದೊಡ್ಡ ಹೆಸರು. ಯಾತ್ರಿಕರ ಬಸ್ಸೂ ಅದೇ, ಕಳ್ಳರ ಬಸ್ಸೂ ಅದೇ. ಬಾರ್ಸಿಲೋನಾದ ರಾಂಬ್ಲಾ ಬೀದಿ, ಪ್ಯಾರಿಸಿನ ವಿಮಾನ ನಿಲ್ದಾಣದಿಂದ ಊರಿಗೆ ಬರುವ ರೈಲು, ಮಿಲಾನಿನ ದೊಡ್ಡ ಚರ್ಚಿನ ಮುಂದಿನ ಬಯಲು, ಇವೆಲ್ಲ ಅದೇ ಪಂಕ್ತಿಯವು. ಕಳ್ಳರೆಂದರೆ ಕೆದರಿದ ಕೂದಲಿನವರು ಎಂದುಕೊಳ್ಳಬೇಡಿ. ಚೆನ್ನಾಗಿ ಉಡುಪು ತೊಟ್ಟು, ಕೈಯಲ್ಲಿ ಊರಿನ ನಕ್ಷೆ ಹಿಡಿದು, ನಮ್ಮಂತೆಯೇ ಪ್ರವಾಸಿಗರ ವೇಷದಲ್ಲಿ ಇರುತ್ತಾರೆ. ಹದಿನೈದು ಹದಿನಾರರ ಹುಡುಗಿಯರೂ ಇರುತ್ತಾರೆ.

ಅವರ ಉಪಾಯಗಳೆಲ್ಲ ಹಳೆಯವೇ. ಒಬ್ಬಳು ಕಾಗದ ಹಿಡಿದು ಬಂದು, ಕಿವುಡರ ಸಂಸ್ಥೆಗೆ ಸಹಿ ಹಾಕಿ ಎನ್ನುತ್ತಾಳೆ. ನೀವು ಬಗ್ಗಿ ಸಹಿ ಹಾಕುವಾಗ ಆ ಕಾಗದದ ಅಡಿಯಲ್ಲಿ ಇನ್ನೊಂದು ಕೈ ಕೆಲಸ ಮಾಡುತ್ತಿರುತ್ತದೆ. ಇನ್ನೊಬ್ಬ, ನಿಮ್ಮ ಕೋಟಿನ ಮೇಲೆ ಹಕ್ಕಿ ಹೊಲಸು ಮಾಡಿದೆ ಎಂದು ಮರುಕಪಟ್ಟು ಒರೆಸಲು ಬರುತ್ತಾನೆ. ಹೊಲಸು ಹಾಕಿದವನೂ ಅವನೇ. ಮತ್ತೊಬ್ಬ ನಿಮ್ಮ ಕಾಲಬುಡದಿಂದ ಉಂಗುರ ಎತ್ತಿ, ನಿಮ್ಮದೇ ಇರಬೇಕು ಎನ್ನುತ್ತಾನೆ. ಮೆಟ್ರೋದಲ್ಲಿ ಬಾಗಿಲು ಮುಚ್ಚುವ ಗಂಟೆ ಬಾರಿಸಿದಾಗ ಮುಂದಿನವನು ತಟ್ಟನೆ ನಿಲ್ಲುತ್ತಾನೆ, ಹಿಂದಿನವನು ಒತ್ತುತ್ತಾನೆ, ಬಾಗಿಲು ಮುಚ್ಚುವಷ್ಟರಲ್ಲಿ ಇಬ್ಬರೂ ಹೊರಗೆ, ನೀವು ಒಳಗೆ. ನಿಮ್ಮ ಪಾಸ್‌ಪೋರ್ಟ್ ಹೊರಗೆ.

ವಿಚಿತ್ರ ನೋಡಿ, ಇದೆಲ್ಲ ಮುಂಬಯಿಯವರಿಗೆ ಹೊಸದಲ್ಲ. ದಾದರಿನಲ್ಲಿ ವಿರಾರ್ ಫಾಸ್ಟ್ ಹತ್ತುವಾಗ ಬೆನ್ನಿನ ಚೀಲ ತಾನಾಗಿಯೇ ಎದೆಗೆ ಬರುತ್ತದೆ, ಕೈ ತಾನಾಗಿಯೇ ಮೊಬೈಲಿನ ಜೇಬಿನ ಮೇಲೆ ಕೂರುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಅದೇ ಮನುಷ್ಯರು ಪ್ಯಾರಿಸಿನಲ್ಲಿ ಇಳಿದ ಮೇಲೆ ಚೀಲವನ್ನು ಬೆನ್ನಿಗೆ ನೇತುಹಾಕಿ ಕೈ ಬೀಸಿ ನಡೆಯುತ್ತಾರೆ. ರಜೆಯೆಂದರೆ ಮೈಯೂ ರಜೆ ಹಾಕಿಬಿಡುತ್ತದೆಯೋ ಏನೋ. ನನ್ನ ತಂಡಗಳಿಗೆ ನಾನು ಕೊಡುತ್ತಿದ್ದ ಉಪದೇಶ ಒಂದೇ ಸಾಲಿನದು: ಲೋಕಲ್ ಹತ್ತುವಾಗ ಹೇಗಿರುತ್ತೀರೋ ಹಾಗಿರಿ.

ಹಾಗಾದರೆ ಎಲ್ಲಿ ಇಡುವುದು? ನಮ್ಮ ಅಜ್ಜಿಯರು ಇದಕ್ಕೆ ಎಂದೋ ಉತ್ತರ ಕಂಡುಕೊಂಡಿದ್ದರು. ಎಲೆಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ರಾತ್ರಿ ಮಲಗುವ ತನಕ ಅದು ಮೈಯ ಭಾಗವೇ. ಈಗ ಅಂಗಡಿಯಲ್ಲಿ ಸಿಗುವ ತೆಳುವಾದ ಸೊಂಟದ ಚೀಲ, ಕತ್ತಿಗೆ ತೂಗಿ ಅಂಗಿಯೊಳಗೆ ಬಿಟ್ಟುಕೊಳ್ಳುವ ಚೀಲ, ಎಲ್ಲ ಆ ಸಂಚಿಯ ಮಕ್ಕಳೇ. ಸೀರೆ ಉಡುವವರು ಒಳಲಂಗಕ್ಕೆ ಜಿಪ್ ಇರುವ ಜೇಬು ಹೊಲಿಸಿಕೊಂಡರೆ ಅದಕ್ಕಿಂತ ಭದ್ರವಾದ ಜಾಗ ಇಲ್ಲ. ಮಾಟುಂಗದ ಯಾವ ದರ್ಜಿಯಾದರೂ ಅರ್ಧ ಗಂಟೆಯಲ್ಲಿ ಹೊಲಿದುಕೊಡುತ್ತಾನೆ. ಆದರೆ ಒಂದು ನಿಯಮ ಇದೆ. ಬಟ್ಟೆಯೊಳಗಿನ ಆ ಚೀಲದಿಂದ ಬೀದಿಯಲ್ಲಿ ಏನನ್ನೂ ತೆಗೆಯಬಾರದು. ಕಾಫಿಗೆ ಬೇಕಾದ ಚಿಲ್ಲರೆ ಬೇರೆ ಪರ್ಸಿನಲ್ಲಿರಲಿ. ನಾಲ್ಕು ಜನರ ಎದುರು ಸೊಂಟದ ಚೀಲ ಬಿಚ್ಚಿ ನೋಟು ಎಣಿಸುವವರನ್ನು ನಾನು ಕಂಡಿದ್ದೇನೆ. ಅದು ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದ ಹಾಗೆ.

ಇನ್ನು ಕೆಲವರು ಚಿಪ್ಪಿನ ಮಾಹಿತಿ ಕದಿಯದಂತೆ ತಡೆಯುವ ಲೋಹದ ಹೊದಿಕೆ ಎಂದು ದುಬಾರಿ ಕವರು ಕೊಳ್ಳುತ್ತಾರೆ. ಭಾರತದಲ್ಲೂ 2024ರಿಂದ ಚಿಪ್ ಇರುವ ಇ-ಪಾಸ್‌ಪೋರ್ಟ್ ಕೊಡಲು ಶುರುವಾಗಿರುವುದರಿಂದ ಈ ವ್ಯಾಪಾರ ಜೋರಾಗಿದೆ. ನನ್ನ ಅಭಿಪ್ರಾಯ ಕೇಳಿದರೆ ಆ ದುಡ್ಡು ದಂಡ. ಪಾಸ್‌ಪೋರ್ಟಿನ ಚಿಪ್ ಓದಬೇಕಾದರೆ ಫೋಟೋ ಇರುವ ಪುಟದ ಕೆಳಗೆ ಅಚ್ಚಾಗಿರುವ ಅಕ್ಷರ, ಅಂಕೆಗಳ ವಿವರ ಮೊದಲು ಗೊತ್ತಿರಬೇಕು. ಮುಚ್ಚಿದ ಪುಸ್ತಕದ ಪಕ್ಕ ಹಾದುಹೋದವನಿಗೆ ಅದು ಸಿಗುವುದಿಲ್ಲ. ಕಳ್ಳನಿಗೆ ಬೇಕಾದದ್ದು ನಿಮ್ಮ ಚಿಪ್ಪಲ್ಲ, ಚೀಲ. ಸಾಮಾನ್ಯವಾಗಿ ಅವನು ಹುಡುಕುವುದು ಹಣವನ್ನೇ. ಪಾಸ್‌ಪೋರ್ಟ್ ಅದೇ ಚೀಲದಲ್ಲಿತ್ತು, ಜೊತೆಗೆ ಹೋಯಿತು, ಅಷ್ಟೇ. ಆದ್ದರಿಂದ ಹಣ ಮತ್ತು ಪಾಸ್‌ಪೋರ್ಟನ್ನು ಒಂದೇ ಕಡೆ ಇಡದಿದ್ದರೆ ಅರ್ಧ ಅಪಾಯ ಕಡಿಮೆಯಾಯಿತು.

ಹೋಟೆಲಿನ ಕೋಣೆಯ ಲಾಕರಿನಲ್ಲಿ ಬಿಟ್ಟು ಹೋಗಬಹುದೇ ಎಂದು ಕೇಳುತ್ತಾರೆ. ಊರು ನೋಡಿ ಹೇಳಬೇಕು. ಜಪಾನಿನಲ್ಲಿ ಪ್ರವಾಸಿಗರು ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲೇ ಇಟ್ಟುಕೊಂಡಿರಬೇಕೆಂದು ಅಲ್ಲಿನ ಕಾನೂನು. ಪೊಲೀಸರು ಕೇಳಿದಾಗ ಕೋಣೆಯಲ್ಲಿದೆ ಎಂದರೆ ನಡೆಯುವುದಿಲ್ಲ. ಅಲ್ಲಿ ಬೀದಿ ಬೀದಿಗೂ 'ಕೋಬಾನ್' ಎಂಬ ಪುಟ್ಟ ಪೊಲೀಸ್ ಚೌಕಿ ಇದೆ, ಬಿದ್ದ ವಸ್ತು ಅಲ್ಲಿಗೆ ಬಂದು ಸೇರುವುದೂ ಉಂಟು. ಯುರೋಪಿನಲ್ಲಿ ಊರೊಳಗೆ ಸುತ್ತಾಡುವ ದಿನ ಲಾಕರಿನಲ್ಲಿಟ್ಟು, ಝೆರಾಕ್ಸ್ ಪ್ರತಿ ಕೈಯಲ್ಲಿಟ್ಟುಕೊಂಡು ಹೋಗುವವರೇ ಹೆಚ್ಚು. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ದಿನ ಮಾತ್ರ ಮೈಮೇಲೆ. ಇದು ತಕ್ಕಮಟ್ಟಿಗೆ ಸರಿ. ಆದರೆ ಅಲ್ಲಿನ ಪೊಲೀಸರಿಗೂ ಮೂಲ ಪ್ರತಿ ತೋರಿಸೆಂದು ಕೇಳುವ ಹಕ್ಕಿದೆ ಎಂಬುದು ನೆನಪಿರಲಿ. ಬಿಡುವ ದಿನ ಬೆಳಗ್ಗೆ ಲಾಕರಿನಲ್ಲೇ ಮರೆತು ಬಸ್ ಹತ್ತುವವರೂ ಇದ್ದಾರೆ. ಅದಕ್ಕೆ ನನ್ನ ತಂಡದ ಒಬ್ಬ ಹೆಂಗಸು ಒಳ್ಳೆಯ ದಾರಿ ಕಂಡುಕೊಂಡಿದ್ದರು. ಒಂದು ಕಾಲಿನ ಚಪ್ಪಲಿಯನ್ನು ಪಾಸ್‌ಪೋರ್ಟಿನ ಜೊತೆ ಲಾಕರಿನಲ್ಲೇ ಇಡುತ್ತಿದ್ದರು.

ಕಳವು ಅತಿ ಸುಲಭವಾಗಿ ಆಗುವ ಜಾಗ ಯಾವುದು ಗೊತ್ತೇ? ಹೋಟೆಲಿನ ಬೆಳಗಿನ ತಿಂಡಿಯ ಹಾಲ್. ಭಾರತೀಯರ ತಂಡ ಇಳಿದಿದೆ, ಇವತ್ತು ಕೋಣೆ ಖಾಲಿ ಮಾಡುತ್ತಾರೆ, ಎಲ್ಲ ಕಾಗದಪತ್ರವೂ ಕೈಚೀಲದಲ್ಲಿರುತ್ತದೆ ಎಂದು ಗೊತ್ತಿರುವವರು ಅತಿಥಿಗಳಂತೆ ಬಂದು ಕಾಫಿ ಹಿಡಿದು ಕೂರುತ್ತಾರೆ. ನಾವು ಜಾಗ ಹಿಡಿಯಲು ಕುರ್ಚಿಯ ಮೇಲೆ ಚೀಲ ಇಟ್ಟು ಬ್ರೆಡ್ ತರಲು ಹೋಗುತ್ತೇವೆ. ಬಸ್ಸಿನ ಸೀಟಿಗೆ ಕರ್ಚೀಫು ಹಾಕುವ ಅಭ್ಯಾಸ ಅದು. ಕರ್ಚೀಫು ಹಾಕಿದರೆ ಹೋಗುವುದು ಕರ್ಚೀಫು ಮಾತ್ರ.

ಈಗ ಒಂದು ನಡೆದ ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದಲ್ಲಿ ಡೊಂಬಿವಲಿಯಿಂದ ಇಬ್ಬರು ಓರಗಿತ್ತಿಯರು ಬಂದಿದ್ದರು. ಮೂಲ ಧಾರವಾಡದ ಕಡೆಯವರು. ಹಿರಿಯರಿಗೆ ಅರವತ್ತನಾಲ್ಕು, ಕಿರಿಯರಿಗೆ ಐವತ್ತೆಂಟು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಮೊದಲ ದಿನದಿಂದಲೇ ಮುನಿಸು. ರೋಮಿನಲ್ಲಿ ಶುಕ್ರವಾರ ಸಂಜೆ, ಟರ್ಮಿನಿ ನಿಲ್ದಾಣದ ಮೆಟ್ಟಿಲ ಮೇಲೆ ಹಿರಿಯರ ಕೈಚೀಲ ಹೋಯಿತು. ಬ್ಲೇಡಿನಿಂದ ಪಟ್ಟಿ ಕೊಯ್ದಿದ್ದರು, ಚೀಲದ ಪಟ್ಟಿ ಮಾತ್ರ ಭುಜದಲ್ಲಿ ಉಳಿದಿತ್ತು. ಒಳಗೆ ಪಾಸ್‌ಪೋರ್ಟ್, ನಾನೂರು ಯೂರೋ, ಮೊಬೈಲು, ಬಿ.ಪಿ. ಮಾತ್ರೆ.

ಮರುದಿನ ಬೆಳಗ್ಗೆ ಏಳೂವರೆಗೆ ತಂಡ ವೆನಿಸ್‌ಗೆ ಹೊರಡಬೇಕು, ಅಲ್ಲಿಂದ ಸ್ವಿಟ್ಜರ್ಲೆಂಡ್, ಆಮೇಲೆ ಪ್ಯಾರಿಸ್, ಪ್ಯಾರಿಸಿನಿಂದ ಮುಂಬಯಿಗೆ ವಿಮಾನ. ಭಾರತದ ರಾಯಭಾರ ಕಚೇರಿ ರೋಮಿನಲ್ಲೇ ಇದೆ, ಟರ್ಮಿನಿಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ಶನಿವಾರ, ಭಾನುವಾರ ರಜೆ. ತುರ್ತು ನಂಬರಿಗೆ ಫೋನ್ ಮಾಡಿದೆವು. ಎತ್ತಿದವರು ಸಮಾಧಾನದಿಂದ ಮಾತನಾಡಿ, ಪೊಲೀಸ್ ದೂರಿನ ಪ್ರತಿಯೊಂದಿಗೆ ಸೋಮವಾರ ಬೆಳಗ್ಗೆ ಬನ್ನಿ ಎಂದರು. ಇಂಥ ಸಂದರ್ಭದಲ್ಲಿ ನಮ್ಮ ರಾಯಭಾರ ಕಚೇರಿಗಳು ಸಾಮಾನ್ಯವಾಗಿ ಕೊಡುವುದು ತುರ್ತು ಪ್ರಮಾಣಪತ್ರ, ಅಂದರೆ ಎಮರ್ಜೆನ್ಸಿ ಸರ್ಟಿಫಿಕೇಟ್. ಅದು ಪಾಸ್‌ಪೋರ್ಟ್ ಅಲ್ಲ. ಒಂದೇ ಒಂದು ಸಲ, ಭಾರತಕ್ಕೆ ಮರಳುವ ಪ್ರಯಾಣಕ್ಕೆ ಮಾತ್ರ ಅದು ನಡೆಯುತ್ತದೆ. ಅಂದರೆ ಅವರಿಗೆ ಸ್ವಿಟ್ಜರ್ಲೆಂಡ್ ಇಲ್ಲ, ಪ್ಯಾರಿಸ್ ಇಲ್ಲ. ಆ ದೇಶಗಳ ನಡುವೆ ಗಡಿಯಲ್ಲಿ ದಿನವೂ ತಪಾಸಣೆ ಇರುವುದಿಲ್ಲ, ನಿಜ. ಸುಮ್ಮನೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿಬಿಡೋಣ ಎಂದು ತಂಡದಲ್ಲಿ ಒಬ್ಬಿಬ್ಬರು ಸಲಹೆ ಕೊಟ್ಟರು. ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇಲ್ಲದ ವಯಸ್ಸಾದ ಹೆಂಗಸನ್ನು ಹಾಗೆ ಕರೆದೊಯ್ಯುವ ಧೈರ್ಯ ನನಗಿರಲಿಲ್ಲ, ಇವತ್ತಿಗೂ ಇಲ್ಲ.

ಉಳಿದ ಪ್ರಶ್ನೆ, ಅವರ ಜೊತೆ ನಿಲ್ಲುವವರು ಯಾರು? ಮೂವತ್ತೆಂಟು ಜನರ ತಂಡ ಬಿಟ್ಟು ನಾನು ನಿಲ್ಲುವಂತಿಲ್ಲ. ಇಟಲಿಯ ಭಾಷೆ ಬಾರದ, ಇಂಗ್ಲಿಷೂ ಅಷ್ಟಕ್ಕಷ್ಟೇ ಆದ ಆಕೆಯನ್ನು ಒಬ್ಬರನ್ನೇ ಬಿಡುವಂತಿಲ್ಲ. ಹೋಟೆಲಿನ ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದೆವು. ಯಾರೂ ಮಾತಾಡಲಿಲ್ಲ. ಸ್ವಿಟ್ಜರ್ಲೆಂಡಿಗಾಗಿ ಹತ್ತು ವರ್ಷ ದುಡ್ಡು ಕೂಡಿಟ್ಟವರು ಎಲ್ಲರೂ. ಆಗ ಆ ಕಿರಿಯ ಓರಗಿತ್ತಿ ಎದ್ದು, "ನೀವೆಲ್ಲಾ ಹೋಗ್ರಿ. ಅಕ್ಕನ್ನ ಒಬ್ಬಾಕಿನ್ನ ಬಿಟ್ಟು ನಾ ಹೆಂಗ ಬರ್ಲಿ? ಆ ಹಿಮದ ಗುಡ್ಡ ಏನ್ ಎಲ್ಲೀಗೂ ಓಡಿ ಹೋಗೂದಿಲ್ಲ" ಎಂದರು. ಹಿರಿಯರು ಬೇಡ ಬೇಡ ಎಂದು ಅತ್ತರು. ಕಿರಿಯರು ಆಗಲೇ ತಮ್ಮ ಸೂಟ್‌ಕೇಸನ್ನು ಬಸ್ಸಿನ ಸಾಲಿನಿಂದ ಈಚೆ ಎಳೆದುಕೊಂಡಿದ್ದರು.

ಮೂರು ಸಣ್ಣ ಸಂಗತಿಗಳು ಅವರನ್ನು ಕಾಪಾಡಿದವು. ಒಂದು, ಹೊರಡುವ ಮೊದಲೇ ಒಬ್ಬರ ಪಾಸ್‌ಪೋರ್ಟಿನ ಝೆರಾಕ್ಸ್ ಇನ್ನೊಬ್ಬರ ಸೂಟ್‌ಕೇಸಿನಲ್ಲಿ ಇರಬೇಕೆಂದು ನಾವು ಕಡ್ಡಾಯ ಮಾಡಿದ್ದೆವು. ವೀಸಾ ಇದ್ದ ಪುಟವೂ ಸೇರಿ. ಪೊಲೀಸ್ ಠಾಣೆಯಲ್ಲಿ ನಂಬರು, ಕೊಟ್ಟ ದಿನಾಂಕ, ಕೊಟ್ಟ ಊರು ಎಲ್ಲವನ್ನೂ ನೋಡಿ ಬರೆಸಿದರು. ಇಟಲಿಯಲ್ಲಿ ಆ ದೂರಿಗೆ 'ದೆನುನ್ಚಿಯಾ' ಎನ್ನುತ್ತಾರೆ. ಮೊಹರು ಹಾಕಿದ ಆ ಕಾಗದ ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಎರಡು, ಇಬ್ಬರ ಬಳಿಯೂ ಬಿಳಿ ಹಿನ್ನೆಲೆಯ ನಾಲ್ಕಾರು ಫೋಟೋ ಇದ್ದವು. ಮೂರನೆಯದು ನಾವು ಯಾರೂ ಯೋಚಿಸಿರದ ಸಹಾಯ. ಟರ್ಮಿನಿಯ ಸುತ್ತಮುತ್ತ ಬಾಂಗ್ಲಾದೇಶದವರ ಅಂಗಡಿಗಳು ಬೇಕಾದಷ್ಟಿವೆ. ಅಲ್ಲೊಬ್ಬ ಹಣ್ಣಿನ ಅಂಗಡಿಯ ಹುಡುಗ ಇವರ ಬೊಂಬಾಯಿ ಹಿಂದಿ ಕೇಳಿ, ಭಾನುವಾರವಿಡೀ ಇವರಿಗೆ ದುಭಾಷಿಯಾದ, ಔಷಧದ ಅಂಗಡಿಗೂ ಕರೆದೊಯ್ದ. ಸೋಮವಾರ ಅರ್ಜಿ ಹಾಕಿದರು, ಮರುದಿನ ಪ್ರಮಾಣಪತ್ರ ಕೈಗೆ ಬಂತು, ಬುಧವಾರದ ವಿಮಾನಕ್ಕೆ ಹೊಸ ಟಿಕೆಟ್. ಖರ್ಚು ಸಾಕಷ್ಟಾಯಿತು. ಪ್ರಯಾಣ ವಿಮೆಯಲ್ಲಿ ಹೊಸ ಪಾಸ್‌ಪೋರ್ಟಿನ ವೆಚ್ಚ ಬಂತು, ಟಿಕೆಟಿನದು ಬರಲಿಲ್ಲ. ವಿಮೆಯ ಕಾಗದವನ್ನು ಹೊರಡುವ ಮೊದಲೇ ಓದುವವರು ನೂರಕ್ಕೆ ಒಬ್ಬರೂ ಇಲ್ಲ; ಓದಿ.

ಎಲ್ಲವೂ ಮೊಬೈಲಿನಲ್ಲಿದೆ, ಝೆರಾಕ್ಸ್ ಯಾಕೆ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಆ ಹೆಂಗಸಿನ ಮೊಬೈಲೂ ಅದೇ ಚೀಲದಲ್ಲಿತ್ತು ಎಂಬುದನ್ನು ಗಮನಿಸಿ. ಮೊಬೈಲು ಹೋದ ಮೇಲೆ ಇನ್ನೊಬ್ಬರ ಫೋನಿನಿಂದ ನಿಮ್ಮ ಇ-ಮೇಲ್ ತೆರೆಯಲು ಹೋದರೆ, ಹೊಸ ಯಂತ್ರ ಎಂದು ಅದು ಅನುಮಾನಪಟ್ಟು ನಿಮ್ಮ ನಂಬರಿಗೆ ಓಟಿಪಿ ಕಳಿಸುತ್ತದೆ. ಆ ನಂಬರು ಈಗ ಕಳ್ಳನ ಜೇಬಿನಲ್ಲಿ. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗಾಯಿತು. ಆದ್ದರಿಂದ ನಿಮ್ಮ ವಿವರ ಅಚ್ಚಾಗಿರುವ ಎಲ್ಲ ಪುಟಗಳ, ವೀಸಾದ ಕಾಗದದ ಪ್ರತಿ ಎರಡು ಕಡೆ ಇರಲಿ. ಜೊತೆಗೆ ಊರಿನಲ್ಲಿರುವ ಮಗನಿಗೋ ಸೊಸೆಗೋ ಒಂದು ಚಿತ್ರ ಕಳಿಸಿಡಿ, ಮತ್ತು ಅವರ ಫೋನ್ ನಂಬರನ್ನು ಬಾಯಿಪಾಠ ಮಾಡಿ. ನಮ್ಮಲ್ಲಿ ಈಗ ಎಷ್ಟು ಜನರಿಗೆ ಸ್ವಂತ ಮಕ್ಕಳ ನಂಬರು ಬಾಯಿಗೆ ಬರುತ್ತದೆ ಹೇಳಿ!

ಇನ್ನು ಪಾಸ್‌ಪೋರ್ಟನ್ನು ನಾವೇ ಕೈಯಾರೆ ಕೊಟ್ಟುಬಿಡುವ ಸಂದರ್ಭಗಳು. ಹೋಟೆಲಿನವರು ವಿವರ ಬರೆದುಕೊಳ್ಳಲು ಕೇಳುವುದು ಸಹಜ. ಇಟಲಿಯಲ್ಲಿ ಅತಿಥಿಗಳ ಹೆಸರನ್ನು ಪೊಲೀಸರಿಗೆ ತಿಳಿಸುವುದು ಹೋಟೆಲಿನ ಕರ್ತವ್ಯವೇ. ಆದರೆ ಬರೆದುಕೊಂಡ ಮೇಲೆ ನಿಮ್ಮೆದುರೇ ವಾಪಸು ಕೊಡಲಿ. ಸಂಜೆ ಬಂದು ತೆಗೆದುಕೊಳ್ಳಿ ಎಂದರೆ ಅಲ್ಲೇ ಕೂತು ಕಾಯಿರಿ. ಇನ್ನು ಥಾಯ್ಲೆಂಡ್, ಬಾಲಿಯ ಕಡೆ ಬಾಡಿಗೆಗೆ ಬೈಕ್ ಕೊಡುವವರು ಪಾಸ್‌ಪೋರ್ಟನ್ನು ಅಡವಾಗಿ ಇಟ್ಟುಕೊಳ್ಳುತ್ತಾರೆ. ಇದಕ್ಕೆ ಎಂದೂ ಒಪ್ಪಬೇಡಿ, ಹಣ ಬೇಕಾದರೆ ಇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, 2014ರ ಮಾರ್ಚ್ 8ರಂದು ಕೌಲಾಲಂಪುರದಿಂದ ಬೀಜಿಂಗ್‌ಗೆ ಹೊರಟು 239 ಜನರೊಂದಿಗೆ ಕಣ್ಮರೆಯಾದ ಮಲೇಷ್ಯಾ ಏರ್‌ಲೈನ್ಸ್ ವಿಮಾನ ನಿಮಗೆ ನೆನಪಿರಬಹುದು. ಅದರಲ್ಲಿದ್ದ ಇಬ್ಬರು ಯುವಕರು ಕದ್ದ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸುತ್ತಿದ್ದರು. ಒಂದು ಆಸ್ಟ್ರಿಯಾದವನದು, ಇನ್ನೊಂದು ಇಟಲಿಯವನದು. ಎರಡೂ ಥಾಯ್ಲೆಂಡಿನಲ್ಲಿ ಹೋದವು. ಇಟಲಿಯವನು ತನ್ನದನ್ನು ಬೈಕ್ ಬಾಡಿಗೆಯ ಅಂಗಡಿಯಲ್ಲಿ ಅಡವಿಟ್ಟಿದ್ದನೆಂದು ಆಗ ವರದಿಯಾಗಿತ್ತು. ಮೃತರ ಪಟ್ಟಿಯಲ್ಲಿ ತನ್ನ ಹೆಸರು ಬಂದಾಗ ಅವನು ಜೀವಂತವಾಗಿಯೇ ಇದ್ದ. ಆ ಇಬ್ಬರು ಯುವಕರು ಭಯೋತ್ಪಾದಕರಲ್ಲ, ಯುರೋಪಿನಲ್ಲಿ ಆಶ್ರಯ ಹುಡುಕಿ ಹೊರಟ ಇರಾನಿನವರು ಎಂದು ಆಮೇಲೆ ತಿಳಿಯಿತು. ಕಳೆದ ಪಾಸ್‌ಪೋರ್ಟುಗಳ ಒಂದು ದೊಡ್ಡ ಪಟ್ಟಿಯನ್ನು ಇಂಟರ್‌ಪೋಲ್ 2002ರಿಂದಲೇ ಇಟ್ಟಿದೆ. ಆ ಹೊತ್ತಿಗೆ ಅದರಲ್ಲಿ ಸುಮಾರು 4 ಕೋಟಿ ದಾಖಲೆಗಳಿದ್ದವು, ಈ ಎರಡೂ ಅದರಲ್ಲಿ ಇದ್ದವು. ವಿಮಾನ ಹತ್ತುವಾಗ ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ. ನೀವು ಕಳವನ್ನು ತಿಳಿಸದೆ ಸುಮ್ಮನಿದ್ದರೆ ಆ ಪಟ್ಟಿಗೂ ಅದು ಸೇರುವುದಿಲ್ಲ, ಯಾವನೋ ನಿಮ್ಮ ಹೆಸರು ಹೊತ್ತು ತಿರುಗುತ್ತಾನೆ.

ಕೊಲ್ಲಿ ದೇಶಗಳ ವಿಷಯ ಹೇಳದೆ ಈ ಮಾತು ಮುಗಿಯದು. ಮಂಗಳೂರು, ಉಡುಪಿ, ಭಟ್ಕಳ, ಕಾರವಾರದ ಎಷ್ಟೋ ಮನೆಗಳು ಅಲ್ಲಿನ ದುಡಿಮೆಯಿಂದ ನಡೆಯುತ್ತಿವೆ, ಅವರಲ್ಲಿ ಅನೇಕರು ಮುಂಬಯಿಯಿಂದಲೇ ವಿಮಾನ ಹತ್ತಿದವರು. ಅಲ್ಲಿ ಇಳಿದ ಕೂಡಲೇ ಕೆಲಸ ಕೊಟ್ಟವರು, "ಭದ್ರವಾಗಿರಲಿ" ಎಂದು ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವುದು ಬಹುಕಾಲದ ರೂಢಿ. ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಆದರೆ ಸಂಬಳ ಬಾರದಿದ್ದಾಗ, ಊರಿನಲ್ಲಿ ತಂದೆಯ ಸಾವಿಗೆ ಹೊರಡಬೇಕಾದಾಗ, ಆ ಪುಸ್ತಕ ಯಾರ ಕಪಾಟಿನಲ್ಲಿದೆ ಎಂಬುದರ ಮೇಲೆ ಮನುಷ್ಯನ ಸ್ವಾತಂತ್ರ್ಯವೇ ನಿಂತಿರುತ್ತದೆ. ಅಲ್ಲಿನ ಸರಕಾರಗಳೂ ಇದನ್ನು ನಿಷೇಧಿಸಿವೆ. ಕತಾರಿನ 2015ರ ಕಾನೂನಿನಲ್ಲಿ ಹೀಗೆ ಇಟ್ಟುಕೊಂಡ ಮಾಲೀಕನಿಗೆ 25,000 ರಿಯಾಲ್‌ವರೆಗೆ ದಂಡ ಇದೆ. ಕಾಗದದ ಮೇಲೆ ಕಾನೂನು ಇದ್ದರೂ ಎದುರು ನಿಂತು ಕೇಳುವುದು ಕೂಲಿಯವನಿಗೆ ಸುಲಭವಲ್ಲ, ಅದು ನನಗೂ ಗೊತ್ತು. ಕನಿಷ್ಠ ಪ್ರತಿಯೊಂದು ಊರಿನ ಮನೆಯಲ್ಲಿರಲಿ. ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ. 2015ರಲ್ಲಿ ವಿದೇಶಾಂಗ ಸಚಿವಾಲಯ ಶುರು ಮಾಡಿದ 'ಮದದ್' ಎಂಬ ಜಾಲತಾಣದಲ್ಲಿ ಊರಿನಲ್ಲಿರುವ ಹೆಂಡತಿ ಅಥವಾ ಅಣ್ಣ ಇಲ್ಲಿಂದಲೇ ದೂರು ದಾಖಲಿಸಬಹುದು. ತೀರ ಕೈ ಖಾಲಿಯಾಗಿ ಸಿಕ್ಕಿಬಿದ್ದವರಿಗೆ ನೆರವಾಗಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಒಂದು ಕಲ್ಯಾಣ ನಿಧಿಯೂ ಇದೆ.

ಕಳವಾಯಿತು ಎಂದು ಗೊತ್ತಾದ ಕೂಡಲೇ ಏನು ಮಾಡಬೇಕು? ಮೊದಲು ಹತ್ತಿರದ ಕಸದ ಡಬ್ಬಿಗಳನ್ನು ನೋಡಿ. ನಗಬೇಡಿ. ಹಣ ತೆಗೆದುಕೊಂಡು ಉಳಿದದ್ದನ್ನು ಅಲ್ಲೇ ಎಸೆದು ಹೋಗುವ ಕಳ್ಳರು ಬೇಕಾದಷ್ಟಿದ್ದಾರೆ. ಕೋಣೆಗೆ ಹೋಗಿ ಸೂಟ್‌ಕೇಸಿನ ಅಸ್ತರು, ಹಿಂದಿನ ದಿನದ ಕೋಟು, ಹಾಸಿಗೆಯ ಸಂದು ಎಲ್ಲ ತಡಕಿ. ಆಮೇಲೆಯೇ ಪೊಲೀಸರ ಬಳಿ ಹೋಗಿ, ಯುರೋಪಿನಲ್ಲಾದರೆ 112 ತುರ್ತು ನಂಬರು. ಈ ಕ್ರಮಕ್ಕೆ ಕಾರಣವಿದೆ. ಒಮ್ಮೆ ಕಳೆದಿದೆ ಎಂದು ದಾಖಲಾಗಿ ರದ್ದಾದ ಪಾಸ್‌ಪೋರ್ಟ್ ಮುಗಿಯಿತು. ಆಮೇಲೆ ಅದು ಚೀಲದ ತಳದಲ್ಲಿ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಮಾಡಲು ಹೋದರೆ ನಿಮ್ಮ ಪಾಸ್‌ಪೋರ್ಟನ್ನು ನೀವೇ ಕದ್ದ ಹಾಗೆ ನಿಮ್ಮನ್ನು ಪಕ್ಕಕ್ಕೆ ಕರೆದು ಕೂರಿಸುತ್ತಾರೆ. ಸಿಕ್ಕರೆ ಕಚೇರಿಗೆ ಒಪ್ಪಿಸಿಬಿಡಿ.

ಷೆಂಗೆನ್ ದೇಶಗಳ ಗಡಿಯಲ್ಲಿ 2025ರ ಅಕ್ಟೋಬರ್ 12ರಿಂದ ಮೊಹರಿನ ಬದಲು ಬೆರಳಚ್ಚು, ಮುಖಚಿತ್ರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂತು. ಹಾಗಾಗಿ ಪುಸ್ತಕ ಹೋದರೂ ಯಾವತ್ತು ಬಂದಿರಿ ಎಂಬುದಕ್ಕೆ ಅವರಲ್ಲಿ ದಾಖಲೆ ಇರುತ್ತದೆ. ಮೊದಲು ಒಳಗೆ ಬಂದ ಮೊಹರೂ ಪುಸ್ತಕದ ಜೊತೆ ಹೋಗಿಬಿಡುತ್ತಿತ್ತು, ಹೊರಗೆ ಹೋಗುವಾಗ ಬೋರ್ಡಿಂಗ್ ಪಾಸಿನ ತುಂಡು ಹುಡುಕಬೇಕಾಗುತ್ತಿತ್ತು. ಬೋರ್ಡಿಂಗ್ ಪಾಸನ್ನು ಈಗಲೂ ಎಸೆಯಬೇಡಿ.

ಇಲ್ಲಿ ಬಂದಿಳಿದ ಮೇಲೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಪರದೇಶದ ಪೊಲೀಸ್ ದೂರಿನ ಪ್ರತಿ, ಆ ತುರ್ತು ಪ್ರಮಾಣಪತ್ರದ ಪ್ರತಿ, ಕಳೆದದ್ದು ಹೇಗೆಂದು ಬರೆದುಕೊಟ್ಟ ಹೇಳಿಕೆ, ಇವು ಕೈಯಲ್ಲಿರಲಿ. ಪ್ರಮಾಣಪತ್ರವನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡಬಹುದು, ಆದ್ದರಿಂದ ವಿಮಾನ ಹತ್ತುವ ಮೊದಲೇ ಒಂದು ಝೆರಾಕ್ಸ್ ಮಾಡಿಸಿ. ಪೊಲೀಸ್ ಪರಿಶೀಲನೆ ಮತ್ತೆ ಆಗಬಹುದು, ಮನೆ ಬದಲಾಯಿಸಿದ್ದರೆ ಹೊಸ ವಿಳಾಸದ ದಾಖಲೆ ಮೊದಲೇ ಸಿದ್ಧವಿರಲಿ. ಊರಿನಲ್ಲಿ ತಂದೆತಾಯಿಯರಿಗೆ ಪಾಸ್‌ಪೋರ್ಟ್ ಮಾಡಿಸಬೇಕಾದವರಿಗೂ ಈಗ ಅನುಕೂಲವಾಗಿದೆ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಪ್ರಯೋಗ 2017ರ ಜನವರಿಯಲ್ಲಿ ಮೊದಲು ಶುರುವಾದದ್ದು ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದದಲ್ಲಿ. ಅಲ್ಲಿಂದ ಹೊರಡುವ ಹಿರಿಯರಿಗೆ ಆ ನೀಲಿ ಪುಸ್ತಕ ಕೈಗೆ ಕೊಡುವಾಗ ಜೇಬು ಹೊಲಿಸಿದ ಒಳಲಂಗವೊಂದನ್ನೂ ಜೊತೆಗೆ ಕೊಡಿ.

ಪ್ರಯಾಣ ಸುಖಕರವಾಗಲಿ.